ಭಂಡಾರ ಹಚ್ಚಿದ ನಾಯಿ

ನಾಯಿ ಸಾಕುವ ಆಸೆ ನನಗೆ ಯಾವತ್ತೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಓಣಿಯಲ್ಲಿ ಇವತ್ತಿಗೂ "ಖಾನಾವಳಿ ಅಕ್ಕಗ ಜಾತಿ ನಾಯಿ ಸಾಕೋ ಶೋಕಿ ಇತ್ತು" ಎಂದು ಆಡಿಕೊಳ್ಳುವವರಿದ್ದಾರೆ. ಶೋಕಿಯಂತೆ, ಶೋಕಿ! ನಸುಕಿಗೆದ್ದು ಹಿಟ್ಟು ನಾದಿ, ರೊಟ್ಟಿ ಬಡಿದು, ಬೇಳೆ ಕುದಿಸಿ, ಮೊದಲ ಪಾಳಿಯವರ ಡಬ್ಬಿ ಕಟ್ಟುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿರುತ್ತದೆ. ಶೋಕಿ ಮಾಡಲು ಪುರುಸೊತ್ತಾದರೂ ಬೇಕಲ್ಲ.

ನಮ್ಮದು ವಾಡಿಯಲ್ಲಿ ಸ್ಟೇಶನ್ನಿನ ಹಿಂದಿನ ಓಣಿ, ಬಾಡಿಗೆ ಮನೆ. ಮುಂದಿನ ಪಡಸಾಲೆಯಲ್ಲಿ ಖಾನಾವಳಿ, ಒಳಗಿನ ಕೋಣೆಯಲ್ಲಿ ನಾನು ಮತ್ತು ನಮ್ಮ ಅತ್ತೆ. ರೈಲ್ವೆಯವರು, ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಕೆಲಸದವರು, ಹೊರರಾಜ್ಯದಿಂದ ಬಂದ ಒಂಟಿ ಗಂಡಸರು ಇಲ್ಲಿ ಉಣ್ಣುತ್ತಾರೆ. ನನ್ನ ಗಂಡ ಇದ್ದಾಗ ಗಲ್ಲಾದ ಮೇಲೆ ಅವರೇ ಕೂರುತ್ತಿದ್ದರು. ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ. ಆಮೇಲೆ ಮನೆಯಲ್ಲಿ ನಾವಿಬ್ಬರು ಹೆಂಗಸರು ಉಳಿದೆವು, ಮತ್ತು ನಮ್ಮ ಅತ್ತೆ ಊಟ ಬಿಟ್ಟರು. ಪೂರಾ ಬಿಟ್ಟರೆಂದಲ್ಲ. ರೊಟ್ಟಿಯ ಒಂದು ಚೂರು ಮುರಿದು ಮಜ್ಜಿಗೆಯಲ್ಲಿ ಅದ್ದಿ, ಅದನ್ನೂ ಅರ್ಧ ತಿಂದು ಎದ್ದುಬಿಡುವುದು. ಊರ ಮಂದಿಗೆಲ್ಲ ರೊಟ್ಟಿ ಬಡಿದು ಹಾಕುವ ನನ್ನ ಮನೆಯಲ್ಲೇ ಒಂದು ಜೀವ ಒಣಗುತ್ತಿತ್ತು. ಕೈಮುಗಿದು ನೋಡಿದೆ, ಬೈದು ನೋಡಿದೆ.

"ನನ್ನ ಮಗ ಉಣ್ಣೂದು ಬಿಟ್ಟಾನ. ನಂಗೇನು ಹಸಿವಿ?" ಎನ್ನುತ್ತಿದ್ದರು.

ನಾನು ಉಳಿದ ರೊಟ್ಟಿಯನ್ನು ಎತ್ತಿಡುತ್ತಿದ್ದೆ.

ನಾಯಿ ಬಂದದ್ದು ನಮ್ಮಲ್ಲಿ ಉಣ್ಣುತ್ತಿದ್ದ ಒಬ್ಬ ಇಂಜಿನಿಯರನಿಂದ. ಉತ್ತರದ ಕಡೆಯವನು, ಗುತ್ತಿಗೆದಾರರ ಹತ್ತಿರ ಕೆಲಸ. ಮರಿಯಿದ್ದಾಗಿನಿಂದ ಸಾಕಿದ್ದ ರಾಟ್‌ವೀಲರ್ ಅದು. ಕರಿ ಮೈ, ಹುಬ್ಬಿನ ಜಾಗದಲ್ಲಿ ಎರಡು ಕಂದು ಚುಕ್ಕೆ, ಇಷ್ಟು ದೊಡ್ಡ ತಲೆ. ಅವನಿಗೆ ಬೇರೆ ಊರಿಗೆ ವರ್ಗವಾಯಿತು. ಅದೇ ಹೊತ್ತಿಗೆ ದಿಲ್ಲಿಯಿಂದ ಸುತ್ತೋಲೆ ಬಂದಿತ್ತು. ಪಿಟ್‌ಬುಲ್, ರಾಟ್‌ವೀಲರ್ ಮುಂತಾದ ಕೆಲವು ಜಾತಿಯ ನಾಯಿಗಳಿಂದ ಮನುಷ್ಯರ ಜೀವಕ್ಕೆ ಅಪಾಯ, ಇನ್ನು ಅವನ್ನು ಮಾರಬಾರದು, ಸಾಕಲು ಪರವಾನಗಿ ಕೊಡಬಾರದು, ಈಗಾಗಲೇ ಇರುವ ನಾಯಿಗಳಿಗೆ ಮರಿಯಾಗದಂತೆ ಆಪರೇಶನ್ ಮಾಡಿಸಬೇಕು ಎಂದು. ಅವನು ಹೋಗುವ ಊರಿನ ಅಪಾರ್ಟ್‌ಮೆಂಟಿನವರು ಗೇಟಿನ ಒಳಗೇ ಬಿಡುವುದಿಲ್ಲ ಎಂದರಂತೆ. ಒಂದು ದಿನ ಊಟ ಮಾಡಿ, ಕೈ ತೊಳೆದು, ನಾಯಿಯನ್ನು ನಮ್ಮ ಮುಂದಿನ ಕಂಬಕ್ಕೆ ಕಟ್ಟಿದ.

"ದೋ ದಿನ್ ರಖೋ ಅಮ್ಮಾ, ಫಿರ್ ಲೇ ಜಾತಾ ಹ್ಞೂ."

ಆಮೇಲೆ ಬಂದು ಒಯ್ಯುತ್ತೇನೆ ಎಂದ ಆ ಎರಡು ದಿನ ಇನ್ನೂ ಮುಗಿದಿಲ್ಲ. ಮೊದಮೊದಲು ಫೋನ್ ಎತ್ತುತ್ತಿದ್ದ, ಆಮೇಲೆ ಎತ್ತಲಿಲ್ಲ, ಕೊನೆಗೆ ನಂಬರೇ ಬದಲಾಯಿತು. ದೊಡ್ಡ ನಾಯಿ ಸಾಕುವ ಧೈರ್ಯ ಇದ್ದ ಗಂಡಸಿಗೆ ಒಂದು ಮಾತು ಹೇಳಿ ಹೋಗುವ ಧೈರ್ಯ ಇರಲಿಲ್ಲ. ಇವತ್ತು ಎದುರಿಗೆ ಸಿಕ್ಕರೂ ಲಟ್ಟಣಿಗೆಯಲ್ಲಿ ಎರಡು ಹಾಕುತ್ತೇನೆ.

ನಾನು ಅದನ್ನು ಯಾರಿಗಾದರೂ ಕೊಟ್ಟು ಕೈ ತೊಳೆದುಕೊಳ್ಳಬೇಕು ಎಂದುಕೊಂಡಿದ್ದೆ. ಅಷ್ಟರಲ್ಲಿ ಭಾನುವಾರ ಬಂತು.

ನಮ್ಮ ಮನೆದೇವರು ಮೈಲಾರಲಿಂಗ. ಭಾನುವಾರ ಅವನ ದಿನ, ನಾಯಿ ಅವನ ಪ್ರಾಣಿ. ಅವನ ಜಾತ್ರೆಯಲ್ಲಿ ಭಕ್ತರು ತಾವೇ ನಾಯಿಗಳಂತೆ ಬೊಗಳುತ್ತ ದೋಣಿ ಎನ್ನುವ ಮರದ ಪಾತ್ರೆಗೆ ಬಾಯಿ ಹಾಕಿ ಉಣ್ಣುತ್ತಾರೆ, ಅದರಲ್ಲಿ ನಾಚಿಕೆ ಇಲ್ಲ, ಹರಕೆ ಇದೆ. ನಮ್ಮ ಮನೆತನದಲ್ಲಿ ಇನ್ನೊಂದು ಕಟ್ಟಳೆ. ಮನೆಯ ಹೊಸ್ತಿಲಿಗೆ ತಾನಾಗಿ ಬಂದ ನಾಯಿಗೆ ದೇವರ ಅರಿಶಿನ, ಅಂದರೆ ಭಂಡಾರ ಹಚ್ಚಿದರೆ ಅದು ದೇವರ ನಾಯಿ. ಅದನ್ನು ಹೊಡೆಯಬಾರದು, ಮಾರಬಾರದು, ಅದರ ಮೈಗೆ ಕತ್ತಿ ತಾಗಿಸಬಾರದು, ಅದು ಉಂಡ ಮೇಲೆಯೇ ಮನೆಯ ಹಿರಿಯರು ಉಣ್ಣಬೇಕು. ಹಳ್ಳಿಯಲ್ಲಿ ಬಡಕಲು ನಾಯಿಗಳಿಗೆ ಮಾಡಿದ ಕಟ್ಟಳೆ ಇದು. ದಿಲ್ಲಿಯ ಸುತ್ತೋಲೆಯಲ್ಲಿ ಹೆಸರಿರುವ ನಾಯಿ ಬಂದು ಹೊಸ್ತಿಲಲ್ಲಿ ಕೂರುತ್ತದೆ ಎಂದು ನಮ್ಮ ಹಿರಿಯರಿಗೆ ಹೇಗೆ ಗೊತ್ತಿರಬೇಕು?

ಆ ಭಾನುವಾರ ನಾನು ಒಲೆಯ ಮುಂದಿದ್ದೆ. ಅಂಗಳದಿಂದ "ಏಳುಕೋಟಿ ಏಳುಕೋಟಿ" ಎಂದು ಮೈಲಾರನನ್ನು ಕೂಗುವ ದನಿ ಕೇಳಿ ತಿರುಗಿದರೆ, ಅತ್ತೆ ಆ ಆನೆಯಂಥ ನಾಯಿಯ ಹಣೆಗೆ ಅಂಗೈ ತುಂಬ ಭಂಡಾರ ಬಳಿದು, ತಟ್ಟೆಯಲ್ಲಿ ರೊಟ್ಟಿ ಮುರಿದು ಹಾಕಿ, ಎದುರಿಗೆ ಕುಕ್ಕುರುಗಾಲಲ್ಲಿ ಕುಳಿತಿದ್ದರು.

"ಅಯ್ಯ ಶಿವನೇ! ಅತ್ತಿ, ಏನ್ ಮಾಡಿದ್ರಿ ಇದು? ಅದು ಮಂದಿ ನಾಯಿ!"

"ಬಾಗಲಿಗಿ ಬಂದದ್ದು ಮಂದಿದು ಹ್ಯಾಂಗಾಗ್ತದ? ಸುಮ್ಮ ಕುಂದ್ರು. ಕುನ್ನಿ ಉಣ್ಣಲಿಕತ್ತದ."

ಕುನ್ನಿ! ಅತ್ತೆಗಿಂತ ಹೆಚ್ಚು ತೂಕದ ಕುನ್ನಿ. ಅದು ತಟ್ಟೆ ನೆಕ್ಕಿ ಮುಗಿಸಿತು, ಬಾಲದ ಮೋಟನ್ನು ಅಲ್ಲಾಡಿಸಿತು. ಅತ್ತೆ ಎದ್ದು ಕೈ ತೊಳೆದು, ಒಳಗೆ ಬಂದು ಚಾಪೆಯ ಮೇಲೆ ಕುಳಿತು, "ಹಾಕವ್ವ, ಹಸಿವ್ಯಾಗ್ಯದ" ಎಂದರು. ಒಂದು ರೊಟ್ಟಿ ಪೂರಾ ಉಂಡರು. ಪುಂಡಿಪಲ್ಯ ಇನ್ನೊಂದಿಷ್ಟು ಹಾಕು ಎಂದರು. ಬಡಿಸಿದೆ. ಅಡುಗೆ ಮನೆಗೆ ಓಡಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಈ ನಾಯಿ ಇನ್ನು ಎಲ್ಲಿಗೂ ಹೋಗುವಂತಿಲ್ಲ ಎಂದು ಅವತ್ತೇ ನಿರ್ಧಾರ ಮಾಡಿದೆ.

ಆಮೇಲೆ ಭಾನುವಾರ ಎಂದಿಲ್ಲ, ದಿನಾ ಅದೇ ನಡೆಯಿತು. ನಾಯಿ ಉಂಡಿತು, ಅತ್ತೆ ಉಂಡರು. ಅವರ ಕೆನ್ನೆಯ ಕುಳಿ ತುಂಬಿತು. ನಾಯಿಯ ಬಗ್ಗೆ ಹೇಳಬೇಕೆಂದರೆ, ಅದೊಂದು ಪುಕ್ಕಲು. ಗೂಡ್ಸ್ ಗಾಡಿ ಸೀಟಿ ಹಾಕಿದರೆ ಹಿಟ್ಟಿನ ಡಬ್ಬಿಯ ಹಿಂದೆ ತಲೆ ತೂರಿಸುತ್ತಿತ್ತು. ಬೆಕ್ಕು ಕಂಡರೆ ಗೋಡೆಯ ಕಡೆ ಮುಖ ಮಾಡುತ್ತಿತ್ತು. ಆದರೆ ಅದರ ಮೈಕಟ್ಟು ನೋಡಿಯೇ ಖಾನಾವಳಿಯಲ್ಲಿ ಕುಡಿದು ಬಂದು ಕೂಗಾಡುವವರು ಕಡಿಮೆಯಾದರು. ರೈಲ್ವೆಯ ಹಳೆಯ ಗಿರಾಕಿಯೊಬ್ಬರು, ಟಿಕೆಟ್ ಕಲೆಕ್ಟರು, "ಅಕ್ಕೋರ, ನಿಮ್ಮ ನಾಯಿಗಿ ಹೇಳ್ರಿ, ನಾನು ಎಲ್ಲಾ ದಿನ ಟಿಕೆಟ್ ತೊಗೊಂಡೇ ಊಟಕ್ಕ ಬರ್ತೀನಂತ" ಎಂದು ನಗಿಸುತ್ತಿದ್ದರು. ಇಬ್ಬರು ವಿಧವೆಯರ ಮನೆಯಲ್ಲಿ ಚಿಲಕ ಹಾಕಿದ ಮೇಲೂ ಕಿವಿ ನಿಮಿರಿಸಿಕೊಂಡು ಮಲಗುವುದು ಎಂದರೇನು ಎಂಬುದು ಅನುಭವಿಸಿದವರಿಗೇ ಗೊತ್ತು. ಆ ಕೆಲವು ತಿಂಗಳು ನಾನು ನಿದ್ದೆ ಮಾಡಿದೆ.

ಸುತ್ತೋಲೆ ಮೊಬೈಲಿನಿಂದ ಮೊಬೈಲಿಗೆ ಹಾರುತ್ತ ನಮ್ಮ ಮನೆ ಮಾಲೀಕರ ಕೈಗೂ ಬಂತು. ಕೆಟ್ಟವರಲ್ಲ ಅವರು. ನನ್ನ ಗಂಡ ಹೋದಾಗ ಹೆಗಲು ಕೊಟ್ಟವರು. ಬಂದು ಹೊರಗಿನ ಬೆಂಚಿನ ಮೇಲೆ ಕುಳಿತರು, ನಾಯಿಯ ಕಡೆಗೆ ಕಾಲು ಚಾಚದೆ.

"ನೋಡು ತಂಗಿ, ನಂಗ ನಾಯಿ ಮ್ಯಾಲ ಸಿಟ್ಟಿಲ್ಲ. ಸರ್ಕಾರದ್ದು ಬಂದದ. ನಾಳಿ ಏನರೆ ಆಯ್ತಂದ್ರ ಮನಿ ಯಾರದು ಅಂತ ನನ್ನ ಕೇಳ್ತಾರ. ಚಿತ್ತಾಪುರಕ್ಕ ಹೋಗಿ ಆಪರೇಶನ್ ಮಾಡಿಸಿ ಡಾಕ್ಟರ ಚೀಟಿ ತಂದು ತೋರ್ಸು, ಇಟ್ಕೋ. ಇಲ್ಲಾಂದ್ರ ನಾಯಿ ಬಿಡು, ಇಲ್ಲಾ ಮನಿ ಬಿಡು."

ನನಗೆ ಇದು ನ್ಯಾಯವಾಗಿಯೇ ಕಂಡಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಹಾಗೆ. ಆಪರೇಶನ್ ಮಾಡಿಸಿದರೆ ನಾಯಿ ಉಳಿಯಿತು, ನಾಯಿ ಉಳಿದರೆ ಅತ್ತೆಯ ಊಟ ಉಳಿಯಿತು. ಆದರೆ ಅತ್ತೆಗೆ ಹೇಳಿದಾಗ ಅವರ ಮುಖ ಕಪ್ಪಿಟ್ಟಿತು.

"ಭಂಡಾರ ಹಚ್ಚಿದ ಕುನ್ನಿಗಿ ಕತ್ತರಿ ಹಾಕಸ್ತೀಯೇನು? ಬ್ಯಾನಿ ಇದ್ರ ಔಷಧ ಮಾಡ್ಸು. ಚಂದಾಗಿದ್ದ ಜೀವಕ್ಕ ಯಾಕ ಕೊಯ್ಸಬೇಕು?"

ನಾನು ಕೇಳದವಳ ಹಾಗೆ ಒಂದು ಬೆಳಿಗ್ಗೆ ಟಂಟಂ ಆಟೋ ಕರೆಸಿದೆ. ನಾಯಿ ಹತ್ತಿತು, ನನಗಿಂತ ಮೊದಲು ಅತ್ತೆಯೂ ಹತ್ತಿ ಕುಳಿತರು. ಮನಸ್ಸು ಬದಲಾಯಿತೇನೋ ಎಂದು ನಾನು ಒಳಗೊಳಗೇ ಖುಷಿಪಟ್ಟೆ. ಚಿತ್ತಾಪುರದಲ್ಲಿ ದನದ ದವಾಖಾನೆಯ ಮೆಟ್ಟಿಲು ಬಂದದ್ದೇ ನಾಯಿಯ ಕೊರಳು ತಬ್ಬಿಕೊಂಡು ನೆಲಕ್ಕೆ ಕುಳಿತುಬಿಟ್ಟರು.

ಡಾಕ್ಟರು ಒಳ್ಳೆಯ ಮನುಷ್ಯ. ಹೊರಗೆ ಬಂದು ಅವರ ಪಕ್ಕದಲ್ಲೇ ಕುಕ್ಕರಿಸಿದರು. "ಅಮ್ಮಾ, ಏನೂ ಆಗಂಗಿಲ್ರಿ. ನಾಕು ದಿನದಾಗ ಓಡ್ಯಾಡ್ತದ. ಮೊದಲಿಗಿಂತ ಸಮಾಧಾನ ಇರ್ತದ" ಎಂದರು.

"ಮೊದಲು ನನ್ನ ಕೊಯ್ರಿ" ಎಂದರು ಅತ್ತೆ.

ಅಲ್ಲಿ ಎಮ್ಮೆ, ಆಡು ಹಿಡಿದುಕೊಂಡು ನಿಂತಿದ್ದ ಜನರೆಲ್ಲ ನೋಡುತ್ತಿದ್ದರು. ನನ್ನ ಸಿಟ್ಟು ನೆತ್ತಿಗೇರಿತು. "ನಿಮ್ಮ ದೇವರು ಬಂದು ನಮಗ ಮನಿ ಕಟ್ಟಿಸಿ ಕೊಡ್ತಾನೇನ್ರಿ? ಮಗ ಹೋದ, ಮನಿನೂ ಹೋಗ್ಲಿ ಅಂತೀರೇನು?" ಎಂದು ಕಿರುಚಿದೆ. ಅತ್ತೆ ಕೈ ಬಿಡಲಿಲ್ಲ. ನಾಯಿ ಮಾತ್ರ ನನ್ನ ಮುಖ ನೋಡಿ ಕಿವಿ ಹಿಂದಕ್ಕೆ ಮಾಡಿಕೊಂಡಿತು, ತಾನೇ ಏನೋ ತಪ್ಪು ಮಾಡಿದೆ ಎಂದುಕೊಂಡು. ಹೋದ ಟಂಟಂನಲ್ಲೇ ಹಿಂದಕ್ಕೆ ಬಂದೆವು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಟಿಕೆಟ್ ಕಲೆಕ್ಟರು ಉಣ್ಣುತ್ತ ಉಣ್ಣುತ್ತ ಮೊಬೈಲು ನೋಡಿ, ತುತ್ತು ಅಲ್ಲೇ ಬಿಟ್ಟು ಕೂಗಿದರು. "ಅಕ್ಕೋರ, ನಿಮ್ಮ ನಾಯಿ ಗೆದ್ದದ! ಬೆಂಗಳೂರು ಹೈಕೋರ್ಟು ಆ ಸುತ್ತೋಲಿ ರದ್ದು ಮಾಡ್ಯದ. ಯಾರನ್ನೂ ಸರಿಯಾಗಿ ಕೇಳ್ದೆ ಮಾಡ್ಯಾರ, ನಡೆಂಗಿಲ್ಲ ಅಂದದ."

ನಾನು ಕೈಯಲ್ಲಿದ್ದ ಹಿಟ್ಟನ್ನೂ ತೊಳೆಯದೆ ಮಾಲೀಕರ ಮನೆಗೆ ಓಡಿದೆ. ಏದುಸಿರಿನಲ್ಲೇ ಹೇಳಿದೆ. ಅವರು ಕೇಳಿಸಿಕೊಂಡರು, ಕನ್ನಡಕ ತೆಗೆದು ಒರೆಸಿಕೊಂಡರು.

"ಕೋರ್ಟು ಬೆಂಗಳೂರಾಗ ಅದ ತಂಗಿ, ನನ್ನ ಮನಿ ವಾಡ್ಯಾಗ ಅದ. ಕೋರ್ಟು ಕಾಗದ ತೆಗೆದು ಹಾಕಿರಬಹುದು. ಆ ನಾಯಿ ಮಂದಿ ಕೊಲ್ತದ ಅಂತ ಮಂದಿ ತಲ್ಯಾಗ ಕುಂತದಲ್ಲ, ಅದನ್ನ ಯಾವ ಕೋರ್ಟು ತೆಗೀತದ?"

ನಾನು ನಮ್ಮೂರಿನ ಜಂಕ್ಷನ್ನಿನಲ್ಲಿ ಎಷ್ಟೋ ಗಾಡಿ ನೋಡಿದ್ದೇನೆ. ಹೆದರಿಸುವ ಕಾನೂನು ಎಕ್ಸ್‌ಪ್ರೆಸ್ಸಿನಲ್ಲಿ ಬರುತ್ತದೆ, ಆ ಹೆದರಿಕೆ ಬೇಡ ಎನ್ನುವ ಕಾನೂನು ಪ್ಯಾಸೆಂಜರಿನಲ್ಲಿ ಬರುತ್ತದೆ, ಅದೂ ನಮ್ಮಂಥವರ ಓಣಿಗೆ ಬರುವ ಮೊದಲೇ ಎಲ್ಲೋ ನಿಂತುಬಿಡುತ್ತದೆ. ಹಾಗಂತ ಆ ಸುತ್ತೋಲೆ ಬರೆದವರನ್ನು ಬೈಯಲೂ ನನಗೆ ಬಾಯಿ ಬರುವುದಿಲ್ಲ. ಎಲ್ಲೋ ಯಾರದೋ ಮಗುವನ್ನು ಅಂಥ ನಾಯಿ ಹರಿದಿರುತ್ತದೆ. ಆ ತಾಯಿಯ ಮುಂದೆ ನಿಂತು ನಮ್ಮದು ಪುಕ್ಕಲು ನಾಯಿ ಎಂದು ಹೇಳಲು ನನಗೆ ಆಗುತ್ತಿರಲಿಲ್ಲ. ನನ್ನ ಸಂಕಟ ಒಂದೇ, ನನ್ನ ಮನೆಯಲ್ಲಿ ಒಬ್ಬ ಮುದುಕಿ ಇನ್ನೊಬ್ಬರ ಮಾತಿಗಲ್ಲ, ಆ ನಾಯಿಯ ತಟ್ಟೆ ಖಾಲಿಯಾದದ್ದಕ್ಕೆ ಉಣ್ಣುತ್ತಿದ್ದರು.

ಮಾಲೀಕರು ಅಮಾವಾಸ್ಯೆಯ ತನಕ ಗಡುವು ಕೊಟ್ಟರು. ಅದರ ಹಿಂದಿನ ಭಾನುವಾರ ಅತ್ತೆ ದೇವರ ಮುಂದೆ ತುಂಬ ಹೊತ್ತು ಕುಳಿತಿದ್ದರು. ಎದ್ದು ಬಂದವರು ನನ್ನ ಮುಖ ನೋಡದೆ ಹೇಳಿದರು.

"ಟಂಟಂ ಹೇಳು. ಕತ್ತರಿ ಹಾಕಸೂಣು. ತಪ್ಪಾಯ್ತಪ್ಪೋ ಅಂತ ಕೇಳ್ಕೊಂಡೀನಿ. ಶಿಕ್ಷಾ ಇದ್ರ ನಂಗ ಕೊಡ್ಲಿ. ಕುನ್ನಿ ಮನ್ಯಾಗ ಇದ್ರ ಸಾಕು."

ಜೀವಮಾನದಲ್ಲಿ ಒಂದು ಸೋಮವಾರದ, ಒಂದು ಭಾನುವಾರದ ಪೂಜೆಯನ್ನೂ ತಪ್ಪಿಸದ ಹೆಂಗಸು ಅವರು. ಆ ಮಾತು ಹೊರಗೆ ಬರಲು ಅವರಿಗೆ ಎಷ್ಟು ನೋವಾಗಿರಬೇಕು! ಚಿತ್ತಾಪುರದಲ್ಲಿ ಆಪರೇಶನ್ ಮುಗಿಯುವ ತನಕ ಹೊರಗಿನ ಬೇವಿನ ಬುಡದಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದರು. ಮನೆಗೆ ತಂದ ಮೇಲೆ ನಾಯಿ ಎರಡು ದಿನ ಉಣ್ಣಲಿಲ್ಲ, ಅವರೂ ಉಣ್ಣಲಿಲ್ಲ. ಮೂರನೆಯ ದಿನ ಇಬ್ಬರೂ ಗಂಜಿ ಕುಡಿದರು. ನಾನು ಡಾಕ್ಟರ ಚೀಟಿ ಒಯ್ದು ಮಾಲೀಕರಿಗೆ ತೋರಿಸಿದೆ. "ಆಯ್ತು ಬಿಡವ್ವ, ಮುಗೀತು" ಎಂದರು. ಮುಗಿಯಿತು ಎಂದೇ ನಾನೂ ನಂಬಿದೆ. ಎಂಥ ಹುಚ್ಚಿ!

ಒಂದು ತಿಂಗಳೂ ಆಗಿರಲಿಕ್ಕಿಲ್ಲ. ಪಕ್ಕದ ಓಣಿಯ ಹುಡುಗಿಯೊಬ್ಬಳು ರೈಲ್ವೆ ಕಂಪೌಂಡಿನ ಹತ್ತಿರ ಟ್ಯೂಶನ್ನಿನಿಂದ ಬರುವಾಗ ಬೀದಿ ನಾಯಿಗಳು ಮುತ್ತಿಕೊಂಡವು. ತೊಡೆ, ಕೈ ಎಲ್ಲ ಹರಿದವು. ಕಲಬುರಗಿಗೆ ಒಯ್ದರು. ಪುಣ್ಯಕ್ಕೆ ಜೀವ ಉಳಿಯಿತು. ನಾನು ರೊಟ್ಟಿ ಕಟ್ಟಿಕೊಂಡು ನೋಡಲು ಹೋದಾಗ ಆ ಹುಡುಗಿಯ ತಾಯಿ ತಾನೇ ಹೇಳಿದಳು, "ನಿಮ್ಮ ನಾಯಿ ಅಲ್ರಿ ಅಕ್ಕಾ, ಕೆಂಪು ನಾಯಿಗಳು, ನಾನೇ ನೋಡೀನಿ" ಎಂದು. ಅಷ್ಟು ಕಷ್ಟದಲ್ಲೂ ಆಕೆ ಸತ್ಯ ಹೇಳಿದಳು. ಕಷ್ಟವಿಲ್ಲದವರಿಗೆ ಸತ್ಯ ಬೇಕಿರಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹುಡುಗಿಗೆ ಕಡಿದ ಸಂಜೆಯೇ ಖಾನಾವಳಿಯ ಮುಂದೆ ಮಂದಿ ಸೇರಿತ್ತು.

"ಆ ಕರಿ ನಾಯಿ ಬಂದಾಗಿನಿಂದ ಬೀದಿ ನಾಯಿಗೋಳು ಹುಚ್ಚೆದ್ದಾವ."

"ಇವತ್ತು ಅವು ಕಡದಾವ, ನಾಳಿ ಇದು ಕಡೀತದ. ಇದು ಕಡದ್ರ ದವಾಖಾನಿಗಿ ಒಯ್ಲಾಕ ಏನೂ ಉಳಿಯಂಗಿಲ್ಲ."

"ಬೀದಿ ನಾಯಿ ಯಾಕ ಹಿಡಸೂದಿಲ್ಲ ನೀವು? ಅದನ್ನ ಕೇಳ್ರಿ ಮೊದಲು!" ಎಂದು ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತೆ.

"ಬೀದಿ ನಾಯಿಗಿ ಯಾರ ಮಾಲಕ್ರು? ಯಾರ ಹಂತ್ಯಾಕ ಹೋಗಿ ಕೇಳೂಣು? ನಿಮ್ಮ ನಾಯಿಗಿ ನೀವು ಇದ್ದೀರಿ."

ನೋಡಿ, ಎಷ್ಟು ಸುಲಭದ ಲೆಕ್ಕ. ಅನ್ನ ಹಾಕಿದವರು ಸಿಗುತ್ತಾರೆ, ಹಾಗಾಗಿ ಅವರ ನಾಯಿಯೇ ಅಪರಾಧಿ. ನಾನು ಡಾಕ್ಟರ ಚೀಟಿ ತಂದು ತೋರಿಸಿದೆ, ಕೋರ್ಟಿನ ಮಾತು ಹೇಳಿದೆ. ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ನಾಯಿ ಒಳಗೆ ಹಿಟ್ಟಿನ ಡಬ್ಬಿಯ ಹಿಂದೆ ಅಡಗಿ ನಡುಗುತ್ತಿತ್ತು. ಮಾಲೀಕರು ಬಂದರು. ಈ ಸಲ ಷರತ್ತು ಏನೂ ಹೇಳಲಿಲ್ಲ. "ನಾಯಿ ಕಳಸವ್ವ. ನನ್ನ ಕೈಯಾಗ ಏನೂ ಉಳಿದಿಲ್ಲ" ಎಂದು ತಲೆ ತಗ್ಗಿಸಿಕೊಂಡು ಹೋದರು.

ಬೇರೆ ಮನೆ ಹುಡುಕಿದೆ. ಶಹಾಬಾದದಲ್ಲಿ ಒಂದು, ನಾಲವಾರದಲ್ಲಿ ಒಂದು. ಖಾನಾವಳಿ ಅಂದರೆ ಒಪ್ಪಿದರು, ಇಬ್ಬರು ಹೆಂಗಸರು ಅಂದರೆ ಸ್ವಲ್ಪ ಯೋಚಿಸಿ ಒಪ್ಪಿದರು, ನಾಯಿ ಯಾವ ಜಾತಿ ಎಂದು ತಿಳಿದ ಮೇಲೆ ಇಲ್ಲ ಅಂದರು.

ಕೊನೆಗೆ ಸಿಕ್ಕಿದವರು ರಾವೂರ ಕಡೆ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿ ಇದ್ದ ಒಬ್ಬ ಗಿರಾಕಿ. ಖಣಿಯಲ್ಲಿ ಡೀಸೆಲ್, ಮೋಟಾರು ಕಳುವಾಗುತ್ತದೆ, ಅಂಥದೊಂದು ನಾಯಿ ಬೇಕೇ ಬೇಕಾಗಿತ್ತು ಎಂದರು. ಅತ್ತೆ ಒಂದೇ ಮಾತು ಕೇಳಿದರು, "ಹೊಡಿಯಂಗಿಲ್ಲಲ್ಲ?" ಅವರು "ಛೇ ಛೇ, ದೇವರ ನಾಯಿ ಅಂತೀರಿ, ಹೊಡೀತೀನೇನ್ರಿ?" ಎಂದರು. ಜೀಪು ಬಂತು. ನಾಯಿಗೆ ಜೀಪೆಂದರೆ ಖುಷಿ, ತಾನಾಗಿ ಹಾರಿ ಕುಳಿತು, ಅತ್ತೆಯೂ ಹತ್ತುತ್ತಾರೆ ಎಂದು ಜಾಗ ಬಿಟ್ಟು ಸರಿಯಿತು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ.

ಮರುದಿನದಿಂದ ಅತ್ತೆ ಅದೇ ಹೊತ್ತಿಗೆ ತಟ್ಟೆಗೆ ರೊಟ್ಟಿ ಮುರಿದು ಹಾಕಿ ಹೊಸ್ತಿಲ ಹತ್ತಿರ ಇಟ್ಟು ಕೂರುತ್ತಿದ್ದರು. ಬೀದಿ ನಾಯಿ ಬಂದರೆ ಅದೂ ತಿನ್ನಲಿ ಎಂದು ಬಿಡುತ್ತಿದ್ದರು. ಆದರೆ ಒಳಗೆ ಬಂದು ತಾವು ಉಣ್ಣುತ್ತಿರಲಿಲ್ಲ. "ಅದು ಉಂಡದ್ದು ನಾ ನೋಡಿಲ್ಲ" ಎನ್ನುತ್ತಿದ್ದರು. ನಾನು ಫೋನ್ ಮಾಡಿ ಖಣಿಯವರನ್ನು ಕೇಳಿ, "ಉಂಡದಂತ, ಹೊಟ್ಟಿ ತುಂಬ ಉಂಡದಂತ" ಎಂದು ಹೇಳುತ್ತಿದ್ದೆ. ನಂಬಿದ ಹಾಗೆ ತಲೆಯಾಡಿಸಿ, ಚೂರು ರೊಟ್ಟಿ ಮಜ್ಜಿಗೆಯಲ್ಲಿ ಅದ್ದುತ್ತಿದ್ದರು. ಕೈಯ ಬೆಳ್ಳಿ ಕಡಗ ಮೊಳಕೈ ತನಕ ಜಾರತೊಡಗಿತು. ನೋಡಿಕೊಂಡು ಎಷ್ಟು ದಿನ ಇರಲಿ? ಕರೆದುಕೊಂಡೇ ಹೋಗುತ್ತೇನೆ, ಕಣ್ಣಾರೆ ನೋಡಿ ಒಂದು ತುತ್ತು ಉಣ್ಣಲಿ ಎಂದು ಒಂದು ಭಾನುವಾರ ಖಾನಾವಳಿ ಬಂದ್ ಮಾಡಿ ರಾವೂರಿಗೆ ಹೊರಟೆವು.

ಖಣಿ ಎಂದರೆ ನಿಮಗೆ ಗೊತ್ತಲ್ಲ, ಬರೀ ಕಲ್ಲು, ಬಿಸಿಲು, ಬಿಳಿ ದೂಳು. ಕಡಿದ ಹಾಸುಗಲ್ಲಿನ ಅಟ್ಟಿಯ ನಡುವೆ ಒಂದು ತಗಡಿನ ಶೆಡ್ಡು. ಅದರ ಕಂಬಕ್ಕೆ ಸರಪಳಿ. ಸರಪಳಿಯ ತುದಿಗೆ ನಮ್ಮ ನಾಯಿ. ನಾನು ಮೊದಲು ಗುರುತೇ ಹಿಡಿಯಲಿಲ್ಲ. ಪಕ್ಕೆಲುಬು ಎಣಿಸುವ ಹಾಗಿತ್ತು, ಕರಿ ಮೈ ದೂಳಿನಲ್ಲಿ ಬೂದಿಯಾಗಿತ್ತು. ನಮ್ಮ ಟಂಟಂ ಕಂಡದ್ದೇ ಎರಡು ಕಾಲ ಮೇಲೆ ಎದ್ದು, ಬಾಯಲ್ಲಿ ನೊರೆ ಬರುವ ಹಾಗೆ ಬೊಗಳಿತು. ನಮ್ಮ ಮನೆಯಲ್ಲಿ ಅದರ ಬೊಗಳುವ ದನಿಯನ್ನೇ ನಾನು ಸರಿಯಾಗಿ ಕೇಳಿರಲಿಲ್ಲ.

ಅತ್ತೆ "ಕುನ್ನ್ಯಾ" ಎಂದರು.

ನಾಯಿ ನಿಂತಿತು. ಬಾಲದ ಮೋಟು ಅಲುಗಿತು. ಹೊಟ್ಟೆ ನೆಲಕ್ಕೆ ತಾಗುವ ಹಾಗೆ ತೆವಳಿಕೊಂಡು ಬಂತು. ಖಣಿಯವರು ದೂರದಿಂದಲೇ "ಹತ್ರ ಹೋಗಬ್ಯಾಡ್ರೆವ್ವಾ!" ಎಂದು ಕೂಗುತ್ತಿದ್ದರು. ಅತ್ತೆ ಕೇಳಿಸಿಕೊಳ್ಳುವವರೇ? ಗಂಟು ಬಿಚ್ಚಿ ರೊಟ್ಟಿ ಮುರಿದು ಹಾಕಿದರು. ಅದು ಗಬಗಬ ತಿನ್ನತೊಡಗಿತು. ಅತ್ತೆ ಅಳುತ್ತ ನಗುತ್ತ ಅದರ ತಲೆ ಸವರಿದರು, ಕಿವಿ ಸವರಿದರು, ಕೈ ಕೊರಳಿಗೆ ಇಳಿಸಿದರು. ಅಲ್ಲಿ ಸರಪಳಿ ಉಜ್ಜಿ ಉಜ್ಜಿ ಮಾಂಸ ಕೆಂಪಗೆ ಬಿಚ್ಚಿಕೊಂಡಿತ್ತು. ಬೆರಳು ಗಾಯಕ್ಕೆ ತಾಗಿದ್ದೇ ತಡ, ನಾಯಿ ತಿರುಗಿ ಅವರ ಮುಂಗೈಯನ್ನು ಹಿಡಿಯಿತು.

ಒಂದು ಗಳಿಗೆ ಅಷ್ಟೇ. ತಾನೇ ಬಿಟ್ಟಿತು. ಬಿಟ್ಟು ಕಂಬದ ಹಿಂದೆ ಹೋಗಿ ಕಲ್ಲಿನ ಕಡೆ ಮುಖ ಮಾಡಿ ನಿಂತಿತು. ಅತ್ತೆಯ ಸೀರೆಯೆಲ್ಲ ರಕ್ತ. ನಾನು ಅವರನ್ನು ಎಳೆದುಕೊಂಡು, ಬಾಯಿಗೆ ಬಂದ ಹಾಗೆ ಖಣಿಯವರನ್ನು ಬೈದೆ. "ಹೊಡಿಯಂಗಿಲ್ಲ ಅಂದಿದ್ರಲ್ಲ? ಏನ್ ಮಾಡೀರಿ ನೋಡ್ರಿ ಅದಕ!"

ಅವರಿಗೆ ಸಿಟ್ಟೂ ಬರಲಿಲ್ಲ. ಅತ್ತೆಯ ಕೈಗೆ ಟವಲು ಸುತ್ತುತ್ತ, ಅರ್ಧ ಅಳುಕಿನಿಂದ, ಅರ್ಧ ಹೆಮ್ಮೆಯಿಂದ ಹೇಳಿದರು, "ಬಂದಾಗ ಭಾಳ ಮೆತ್ತಗಿತ್ರಿ, ಕಳ್ಳರಿಗೂ ಬಾಲ ಆಡಸ್ತಿತ್ತು. ಅಂಥದ್ದು ಏನ್ ಮಾಡೂದು? ಹಸಿವಿ ಇಟ್ಟು, ಎರಡು ಬಿಗದು, ಸರೀ ಮಾಡೀವಿ. ಈಗ ತಯಾರಾಗ್ಯದ ನೋಡ್ರಿ."

ಹೌದು, ತಯಾರಾಗಿತ್ತು. ದಿಲ್ಲಿಯವರು ಬರೆದದ್ದು ಈ ನಾಯಿಯ ಬಗ್ಗೆಯೇ, ನಮ್ಮ ಓಣಿಯವರು ಹೆದರಿದ್ದು ಈ ನಾಯಿಗೇ. ಅದು ಮೊದಲು ಇರಲಿಲ್ಲ, ಎಲ್ಲರೂ ಸೇರಿ ಮಾಡಿದರು. ನಾನು ಆಗ ಹೇಳಬೇಕಾದ್ದು ಬಹಳವಿತ್ತು, ಆದರೆ ಅತ್ತೆಯ ಕೈಯ ರಕ್ತ ಟವಲಿನಿಂದ ಹೊರಗೆ ಬರುತ್ತಿತ್ತು.

ಆ ಹೊತ್ತಿಗೆ ತೆರೆದಿದ್ದ ಒಂದು ದವಾಖಾನೆಗೆ ಓಡಿದೆವು. ಸಿಸ್ಟರು ನಲ್ಲಿಯ ಕೆಳಗೆ ಕೈ ಹಿಡಿಸಿ, ಸೋಪು ಹಚ್ಚಿ ತುಂಬ ಹೊತ್ತು ತೊಳೆದರು. ಅತ್ತೆ ಹಲ್ಲು ಕಚ್ಚಿಕೊಂಡು ನಿಂತಿದ್ದರು.

"ಯಾವ ನಾಯಿ ಕಡದದ? ಸಾಕಿದ್ದೋ, ಬೀದೀದೋ? ಈ ಹಲ್ಲಿನ ಗಾಯ ನೋಡಿದ್ರ ದೊಡ್ಡ ಜಾತಿದು ಇದ್ದಂಗದ. ಸಾಕಿದ್ದಿದ್ರ ಮಾಲಕರ ಹೆಸರು ಹೇಳ್ರಿ, ಮ್ಯಾಲಿನವರಿಗಿ ತಿಳಸಬೇಕು."

ನಾನು ಬಾಯಿ ತೆರೆದೆ. ಖಣಿಯ ಹೆಸರು, ಮಾಲೀಕನ ಹೆಸರು, ಸರಪಳಿ, ಗಾಯ, ಎಲ್ಲ ಹೇಳಿಬಿಡಬೇಕೆಂದಿದ್ದೆ. ಅತ್ತೆ ಒಳ್ಳೆಯ ಕೈಯಿಂದ ನನ್ನ ಮೊಳಕೈಯನ್ನು ಗಟ್ಟಿಯಾಗಿ ಹಿಡಿದರು.

"ಬೀದಿ ನಾಯಿರಿ ಯವ್ವಾ" ಎಂದರು. "ಯಾರದೂ ಅಲ್ಲ."

ಭಂಡಾರ ಮುಟ್ಟಿ ಸುಳ್ಳು ಹೇಳಿದವರಲ್ಲ ಅವರು. ಹೆಸರು ಹೇಳಿದರೆ ಅದನ್ನು ಹಿಡಿದುಕೊಂಡು ಹೋಗಿ ಕೊಲ್ಲುತ್ತಾರೆ ಎಂದು ಹೆದರಿದ್ದರು. ಸಿಸ್ಟರು ನಿಟ್ಟುಸಿರು ಬಿಟ್ಟು, "ಬೀದಿ ನಾಯಿಗಿ ಏನ್ ಮಾಡ್ಲಾಕ ಬರ್ತದ ಬಿಡ್ರಿ" ಎಂದು ಸೂಜಿ ಮಾಡಿದರು. ಮುಂದಿನ ಸೂಜಿಗೆ ಯಾವಾಗ ಬರಬೇಕೆಂದು ಹೇಳಿ, ಕೊನೆಗೆ ಅಂದರು, "ಆ ನಾಯಿ ಮ್ಯಾಲ ಹತ್ತು ದಿನ ಕಣ್ಣಿಡ್ರಿ. ಸಾಯ್ತದೋ, ಬದುಕಿರ್ತದೋ ನೋಡ್ರಿ. ಬದುಕಿದ್ರ ಚಿಂತಿ ಇಲ್ಲ."

ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆವು. ನಾನು ಅತ್ತೆಯ ಸೆರಗು ಸರಿ ಮಾಡಿದೆ. ಅವರು ಬ್ಯಾಂಡೇಜು ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ರಾವೂರ ರಸ್ತೆಯ ಕಡೆ ನೋಡುತ್ತಿದ್ದರು.

"ಅದು ಸಾಯಂಗಿಲ್ಲವ್ವ" ಎಂದರು. "ಆ ಸರಪಳ್ಯಾಗ ಇನ್ನ ಭಾಳ ವರ್ಷ ಬದುಕ್ತದ."